ಹೋಗಲು ಒಂದು ವೀಸಾ, ಮರಳಲು ಇನ್ನೊಂದು

ಸೌದಿಯಲ್ಲಿ ದುಡಿಯುವ ಕನ್ನಡಿಗರು ಈದ್ ರಜೆಗೆ ಯುರೋಪ್ ನೋಡಿಬರಬೇಕೆಂದರೆ ಎರಡು ವೀಸಾಗಳ ಲೆಕ್ಕ ಹಾಕಬೇಕು.

ಮೊದಲನೆಯದು 29 ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೊ. ವೀಸಾ ಸಿಗದಿದ್ದರೂ ಆ ಹಣ ವಾಪಸಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಸಂಬಳ ಪತ್ರ ಜೊತೆಗಿರಲಿ. ಸಿಎ ಆಗಿ ಒಂದು ಮಾತು: ಕೊನೆಯ ವಾರ ಗೆಳೆಯರಿಂದ ಸಾಲ ತಂದು ಖಾತೆ ತುಂಬಿಸಬೇಡಿ. ತಿಂಗಳು ತಿಂಗಳು ತಪ್ಪದೆ ಜಮೆಯಾಗುವ ಸಂಬಳವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಎರಡನೆಯದು ಸೌದಿಯ ಎಕ್ಸಿಟ್ ರೀಎಂಟ್ರಿ ವೀಸಾ. ಹಿಂದೆ ಇದಕ್ಕಾಗಿ ಕಫೀಲರ ಮುಂದೆ ನಿಲ್ಲಬೇಕಿತ್ತು. 2021ರ ಮಾರ್ಚ್‌ನಲ್ಲಿ ಜಾರಿಯಾದ ಸುಧಾರಣೆಯ ಬಳಿಕ ಖಾಸಗಿ ಕಂಪನಿಗಳ ನೌಕರರು ಅಬ್‌ಶರ್‌ನಲ್ಲಿ ತಾವೇ ಪಡೆಯಬಹುದು. ಮನೆಗೆಲಸದವರು, ಮನೆ ಡ್ರೈವರ್‌ಗಳು ಆ ಸುಧಾರಣೆಯಲ್ಲಿ ಸೇರಿರಲಿಲ್ಲ. ಒಮ್ಮೆ ಹೋಗಿಬರಲು ಎರಡು ತಿಂಗಳವರೆಗೆ 200 ರಿಯಾಲ್. ಹೆಂಡತಿ, ಮಕ್ಕಳಿಗೂ ಬೇರೆ ಬೇರೆಯಾಗಿ ಬೇಕು. ಇಕಾಮಾ ಅವಧಿಯನ್ನೂ ನೋಡಿಕೊಳ್ಳಿ.

ಮೊದಲ ವೀಸಾ ಸಿಗದಿದ್ದರೆ ಕೈತಪ್ಪುವುದು ಒಂದು ಪ್ರವಾಸ. ಎರಡನೆಯದರ ಅವಧಿ ಮೀರಿದರೆ ಊರಿನ ಮನೆ ನಡೆಸುವ ಕೆಲಸಕ್ಕೇ ಕುತ್ತು. ಟಿಕೆಟ್ ಕೊಳ್ಳುವ ಮುನ್ನ ಮರಳುವ ದಿನಾಂಕವನ್ನು ಎರಡು ಸಲ ನೋಡಿ.