ವ್ಯಂಗ್ಯಚಿತ್ರವೆಂಬ ಹೆಸರೂ ಮಲೆಸೀಮೆಯ ಚಿತ್ರಕಥೆಗಳೂ

ವೃತ್ತಪತ್ರಿಕೆಗಳಲ್ಲಿ ಬರುವ ನಗೆಯ ಚಿತ್ರಕ್ಕೆ ಕನ್ನಡದಲ್ಲಿ ‘ವ್ಯಂಗ್ಯಚಿತ್ರ’ವೆಂಬ ಹೆಸರು ರೂಢವಾಗಿದೆ. ಅಲಂಕಾರಶಾಸ್ತ್ರವನ್ನು ಪಾಠಕ್ರಮದಿಂದ ಓದಿದವನಿಗೆ ಈ ಹೆಸರಿನಲ್ಲಿ ಒಂದು ತೊಡಕು ತೋರದೆ ಇರದು. ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಆನಂದವರ್ಧನನು ಧ್ವನಿ, ಗುಣೀಭೂತವ್ಯಂಗ್ಯ, ಚಿತ್ರ ಎಂದು ಮೂರು ಬಗೆಯನ್ನು ವಿಚಾರಿಸುತ್ತಾನೆ. ವ್ಯಂಗ್ಯಾರ್ಥವೇ ಪ್ರಧಾನವಾದುದು ಮೊದಲನೆಯದು. ವ್ಯಂಗ್ಯವಿದ್ದೂ ಅದು ವಾಚ್ಯಕ್ಕೆ ಅಧೀನವಾದುದು ಎರಡನೆಯದು. ವ್ಯಂಗ್ಯದ ವಿವಕ್ಷೆಯಿಲ್ಲದೆ ಶಬ್ದಾರ್ಥಗಳ ಬೆಡಗನ್ನೇ ನೆಚ್ಚಿಕೊಂಡುದು ಚಿತ್ರ. ಮಮ್ಮಟನು ಇದನ್ನೇ ಅವರಕಾವ್ಯವೆಂದು ಕೆಳಗಿನ ಮೆಟ್ಟಿಲಿನಲ್ಲಿ ಕುಳ್ಳಿರಿಸಿದನು. ಆದುದರಿಂದ ಶಾಸ್ತ್ರಪರಿಭಾಷೆಯಂತೆ ವ್ಯಂಗ್ಯವಿದ್ದರೆ ಚಿತ್ರವಲ್ಲ, ಚಿತ್ರವಾದರೆ ವ್ಯಂಗ್ಯವಿಲ್ಲ. ‘ವ್ಯಂಗ್ಯಚಿತ್ರ’ವು ವಂಧ್ಯಾಪುತ್ರನೆಂಬಂತೆ ವ್ಯಾಹತವಾದ ಮಾತು.

ಹೆಸರನ್ನಿಟ್ಟವರು ಶಾಸ್ತ್ರವನ್ನು ಮುಂದಿಟ್ಟುಕೊಂಡು ಇಟ್ಟವರಲ್ಲ. ಕನ್ನಡದ ನುಡಿಬಳಕೆಯಲ್ಲಿ ವ್ಯಂಗ್ಯವೆಂದರೆ ಕೊಂಕುಮಾತು, ಚಿತ್ರವೆಂದರೆ ಬರೆದ ರೂಪು. ಆದರೂ ಈ ವಿರೋಧವನ್ನು ಕೇವಲ ಶಬ್ದಚ್ಛಲವೆಂದು ತಳ್ಳಿಬಿಡುವಂತಿಲ್ಲ. ಚಿತ್ರಕಾವ್ಯವು ಬರೆದ ಚಿತ್ರದಂತೆ ತೋರುತ್ತದೆ, ಅದು ಕಾವ್ಯದ ಅನುಕರಣವೇ ಹೊರತು ಮುಖ್ಯವಾದ ಕಾವ್ಯವಲ್ಲ ಎಂದು ಆನಂದವರ್ಧನನ ವಿವರಣೆ. ಬರೆದ ಚಿತ್ರಕ್ಕೆ ಮೈಯುಂಟು, ಜೀವವಿಲ್ಲ ಎಂಬ ಭಾವನೆ ಈ ಉಪಮೆಯ ಒಡಲಿನಲ್ಲಿ ಅಡಗಿದೆ. ಚಿತ್ರಕಥೆಯನ್ನೂ ನಗೆಚಿತ್ರವನ್ನೂ ಮಕ್ಕಳ ವಿನೋದವೆಂದು ನಾವು ಸಾಹಿತ್ಯದ ಹೊಸ್ತಿಲಿನ ಹೊರಗೆ ನಿಲ್ಲಿಸಿರುವುದಕ್ಕೂ ಇದೇ ಭಾವನೆ ಕಾರಣವೆಂದು ನನಗೆ ತೋರುತ್ತದೆ. ಆ ಉಪಮೆ ಎಷ್ಟುಮಟ್ಟಿಗೆ ನಿಲ್ಲುವುದೆಂಬುದನ್ನು ಚಿಕ್ಕಮಗಳೂರು ಸೀಮೆಯ ಚಿತ್ರಗಳಿಂದ ಮೊದಲುಗೊಂಡು, ಬೆಂಗಳೂರಿನ ನಗೆಪತ್ರಿಕೆಯವರೆಗೆ ಬಂದು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಮೊದಲು ಒಂಟಿ ಚಿತ್ರ, ಬಳಿಕ ಸಾಲುಚಿತ್ರ, ಕಡೆಗೆ ನಗೆಯ ಚಿತ್ರ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಇಂದು ಕಾಫಿತೋಟಗಳ ನಡುವಣ ಒಂದು ಸಣ್ಣ ಊರು. ಶಾಸನಗಳ ಸೊಸೆವೂರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎರಗಿಬಂದ ಹುಲಿಯನ್ನು ಕಂಡು ಜೈನಮುನಿಯು ‘ಪೊಯ್ ಸಳ’ ಎಂದನೆಂದೂ ಸಳನು ಅದನ್ನು ಹೊಡೆದನೆಂದೂ ಹೊಯ್ಸಳ ವಂಶನಾಮಕ್ಕೆ ಕಾರಣವಾಗಿ ಹೇಳುವ ಐತಿಹ್ಯ ಈ ಊರಿನದು. ಅದು ಚರಿತ್ರೆಯೇ ಅಲ್ಲವೇ ಎಂಬ ವಾದ ಪ್ರಕೃತಕ್ಕೆ ಬೇಡ. ಆ ವಂಶದ ಲಾಂಛನವಾಗಿ ದೇಗುಲಗಳ ಸುಕನಾಸಿಯ ಮೇಲೆ ನಿಲ್ಲಿಸಿರುವ ಪ್ರತಿಮೆಯನ್ನು ನೋಡಿರಿ. ಅಲ್ಲಿ ಸಾಮಾನ್ಯವಾಗಿ ಇರುವುದು ವೀರ, ಮೃಗ, ಎರಡೇ. ಮುನಿಯಿಲ್ಲ, ಮಾತೂ ಇಲ್ಲ. ಆದರೆ ಕಥೆ ಬಲ್ಲವನು ಅದರ ಎದುರಿಗೆ ನಿಂತೊಡನೆ ಆ ಎರಡು ಪದಗಳ ಆಜ್ಞೆ ಅವನ ಕಿವಿಯಲ್ಲಿ ಮೊಳಗುತ್ತದೆ. ಮಾತೇ ವಂಶದ ಹೆಸರೂ ಆಗಿರುವುದರಿಂದ ರಾಜನ ಹೆಸರನ್ನು ಬರೆಯದೆಯೇ ಬರೆದಂತಾಗುತ್ತದೆ. ಇಂದಿನ ಚಿತ್ರಕಥೆಯವರಾಗಿದ್ದರೆ ಮುನಿಯನ್ನೂ ಬರೆದು ಅವನ ಬಾಯಿಂದ ಒಂದು ಗುಳ್ಳೆಯನ್ನು ಹೊರಡಿಸಿ ಅದರೊಳಗೆ ಮಾತನ್ನು ತುಂಬುತ್ತಿದ್ದರು. ಶಿಲ್ಪಿಯು ಅದನ್ನು ನೋಡುವವನಿಗೆ ಬಿಟ್ಟನು. ಹೊಡೆತವು ಕಣ್ಣಿಗೆ ಕಾಣುವ ವಾಚ್ಯ, ಮಾತು ವ್ಯಂಗ್ಯ. ‘ಗಂಗೆಯಲ್ಲಿ ಹಟ್ಟಿ’ ಎಂಬ ಸವೆದ ಉದಾಹರಣೆಯನ್ನೇ ವರ್ಷವರ್ಷವೂ ಒಪ್ಪಿಸುವ ಅಧ್ಯಾಪಕರು ಒಮ್ಮೆಯಾದರೂ ಈ ಪ್ರತಿಮೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು ನೋಡಬಹುದು.

ಸಾಲುಚಿತ್ರಕ್ಕೆ ಅಮೃತಾಪುರಕ್ಕೆ ಹೋಗಬೇಕು. ಬಾಬಾಬುಡನ್ ಗಿರಿಗಳ ಬಡಗಲಿಗೆ, ಮಲೆ ತಗ್ಗಿ ಬಯಲು ತೆರೆಯುವ ತರೀಕೆರೆ ತಾಲ್ಲೂಕಿನ ಊರದು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯ ಅಲ್ಲಿದೆ. ಅಲ್ಲಿಯ ಶಾಸನದ ಕವಿ ಜನ್ನನೆಂಬುದನ್ನು ಸಾಹಿತ್ಯದ ಅಧ್ಯಾಪಕರೆಲ್ಲರೂ ಬಲ್ಲರು. ಯಶೋಧರಚರಿತೆಗೆ (1209) ಹದಿಮೂರು ವರ್ಷ ಹಿಂದಿನ ರಚನೆಯೆಂದು ಅದನ್ನು ಆದರದಿಂದ ಹೆಸರಿಸುತ್ತಾರೆ. ಆದರೆ ಶಾಸನವನ್ನು ಓದಿದವರು ಅದೇ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಮಂಟಪದ ಹೊರಮೈಯನ್ನು ಅಷ್ಟೇ ಆದರದಿಂದ ಓದಿದ್ದು ಅಪೂರ್ವ. ವಿಶಾಲವಾದ ತೆರೆದ ಮಂಟಪವನ್ನು ಸುತ್ತುವರಿದ ತಗ್ಗುಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದಲ್ಲಿ ರಾಮಾಯಣದ 70. ಉತ್ತರದಲ್ಲಿ ಭಾಗವತದ ಕೃಷ್ಣಕಥೆಯ 25, ಮಹಾಭಾರತದ 45.

ಇವುಗಳಲ್ಲಿ ಒಂದು ವಿಶೇಷವನ್ನು ಶಿಲ್ಪಜ್ಞರು ಹಿಂದೆಯೇ ಗಮನಿಸಿದ್ದಾರೆ. ಉತ್ತರದ ಸಾಲುಗಳು ಹೊಯ್ಸಳರ ವಾಡಿಕೆಯಂತೆ ಪ್ರದಕ್ಷಿಣಕ್ರಮದಲ್ಲಿ ಸಾಗಿದರೆ ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ. ಓದುವವನ ಕಣ್ಣಿಗೆ ಇದರ ಫಲವೇನೆಂಬುದನ್ನು ವಿಚಾರಿಸಬೇಕು. ದೇವಾಲಯವನ್ನು ಬಲಕ್ಕಿಟ್ಟುಕೊಂಡು ಸುತ್ತುವವನು ಗೋಡೆಗೆ ಮುಖಮಾಡಿ ನಿಂತರೆ ಅವನ ನಡೆ ಎಡಗಡೆಗೆ. ಪ್ರದಕ್ಷಿಣದ ಕಥೆಯೆಲ್ಲ ಬಲದಿಂದ ಎಡಕ್ಕೆ ಓಡುವುದು. ಅಪ್ರದಕ್ಷಿಣದ್ದಾದರೋ ಎಡದಿಂದ ಬಲಕ್ಕೆ, ಅಂದರೆ ನಮ್ಮ ಲಿಪಿಯು ಓಡುವ ದಿಕ್ಕಿಗೇ ಓಡುವುದು. ಶಿಲ್ಪಿಗಳು ಓಲೆಯ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೀಗೆ ಮಾಡಿದರೆಂದು ಸಾಧಿಸಲು ಪ್ರಮಾಣವಿಲ್ಲ. ನಾನು ಹಾಗೆ ವಾದಿಸುವುದೂ ಇಲ್ಲ. ಆದರೆ ಒಂದೇ ಮಂಟಪದಲ್ಲಿ ಕಾಲಿನ ಕ್ರಮದಿಂದ ಓದುವ ಕಥೆ ಒಂದು ಮಗ್ಗುಲಿಗೂ, ಗ್ರಂಥದಂತೆ ಓದುವ ಕಥೆ ಇನ್ನೊಂದು ಮಗ್ಗುಲಿಗೂ ದೊರೆಯುವುದು ಸಾಮಾನ್ಯವಾದ ಸಂಗತಿಯಲ್ಲ.

ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳೆಂದು ಪ್ರಸಿದ್ಧವಾದ ಕಥೆಯನ್ನು ಎಪ್ಪತ್ತು ಫಲಕಗಳಿಗೆ ಇಳಿಸಬೇಕಾದರೆ ಬಿಡುವುದೇ ಹೆಚ್ಚು, ಹಿಡಿಯುವುದು ಕಡಿಮೆ. ವಾಕ್ಯಾರ್ಥಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಜ್ಞರ ಮತ. ಫಲಕಗಳಿಗೂ ಇವೇ ಮೂರು ಸಲ್ಲುತ್ತವೆ. ಬಿಲ್ಲು ಎಳೆದ ವೀರನು ಒಂದರಲ್ಲಿದ್ದರೆ ಬಾಣ ಯಾರ ಮೇಲೆಂಬ ಆಕಾಂಕ್ಷೆ ಹುಟ್ಟುವುದು. ಪಕ್ಕದಲ್ಲಿಯೇ ಬಿದ್ದವನು ಇರುವುದು ಸನ್ನಿಧಿ. ಇವನು ಬಿದ್ದುದು ಅವನಿಂದಲೇ ಎಂದು ಒಪ್ಪುವುದು ಯೋಗ್ಯತೆ. ಎರಡರ ನಡುವೆ ಕೆತ್ತದೆ ಬಿಟ್ಟ ಕ್ರಿಯೆಯನ್ನು ನೋಡುವವನು ಅಧ್ಯಾಹಾರ ಮಾಡಿಕೊಳ್ಳುತ್ತಾನೆ. ಇಂದಿನ ಕಾಮಿಕ್ಸ್ ಪುಸ್ತಕದಲ್ಲಿ ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಡುವ ಬಿಳಿಯ ಸಂದಿಯೂ ಇದೇ ಕೆಲಸವನ್ನು ಮಾಡುತ್ತದೆ.

ಸಾಹಿತ್ಯಚರಿತ್ರೆಯ ದೃಷ್ಟಿಯಿಂದಲೂ ಈ ಗೋಡೆಗೆ ಬೆಲೆಯುಂಟು. ನಾಗಚಂದ್ರನ ರಾಮಚಂದ್ರಚರಿತಪುರಾಣವು ಇದಕ್ಕಿಂತ ಹಿಂದಿನದಾದರೂ ಅದು ಜೈನಪರಂಪರೆಯ ಕಥೆ. ವಾಲ್ಮೀಕಿಯ ಜಾಡನ್ನು ಹಿಡಿದು ಕನ್ನಡದಲ್ಲಿ ಪ್ರಸಿದ್ಧವಾದ ತೊರವೆ ರಾಮಾಯಣ ಸುಮಾರು ಮುನ್ನೂರು ವರ್ಷ ಈಚಿನದು. ಕುಮಾರವ್ಯಾಸನ ಭಾರತವೂ ಹದಿನೈದನೆಯ ಶತಮಾನದ್ದು. 1196ರಲ್ಲಿ ಈ ಮಂಟಪದ ಮುಂದೆ ನಿಂತ ಒಕ್ಕಲಿಗನ ಕೈಯಲ್ಲಿ ಅಂಥ ಕನ್ನಡಗ್ರಂಥವಿರಲಿಲ್ಲ. ಆದರೂ ಫಲಕಗಳು ಅವನಿಗೆ ಕಥೆ ಗೊತ್ತಿದೆಯೆಂದೇ ನಂಬಿ ಮಾತಾಡುತ್ತವೆ. ಬಾಯಿಂದ ಬಾಯಿಗೆ ಹರಿದ, ಓಲೆಗೆ ಏರದ ಒಂದು ರಾಮಕಥೆ ಈ ಸೀಮೆಯಲ್ಲಿ ಆಗಲೇ ಮನೆಮಾತಾಗಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನು ನಾನು ಕಾಣೆ.

ಈ ನಂಬಿಕೆ ತಪ್ಪಿದಾಗ ಚಿತ್ರಕಥೆಯ ಸ್ವರೂಪ ಹೇಗೆ ಬದಲಾಗುವುದೆಂಬುದಕ್ಕೂ ಉದಾಹರಣೆ ದೂರದಲ್ಲಿಲ್ಲ. ಕಳಸದಿಂದ ಕುದುರೆಮುಖದ ದಾರಿಯಾಗಿ ಘಟ್ಟವಿಳಿದರೆ ಕಾರ್ಕಳ. ಅಮರ ಚಿತ್ರಕಥಾಮಾಲೆಯನ್ನು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅನಂತ ಪೈಗಳು (1929–2011) ಹುಟ್ಟಿದ ಊರು. ಗ್ರೀಕರ ದೇವತೆಗಳನ್ನು ಬಲ್ಲ ನಮ್ಮ ಹುಡುಗರಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ದೆಹಲಿಯ ದೂರದರ್ಶನದ ಒಂದು ಪ್ರಶ್ನೋತ್ತರದಲ್ಲಿ ಕಂಡು ಅವರು ಈ ಕೆಲಸಕ್ಕೆ ತೊಡಗಿದರೆಂಬುದು ಪ್ರಸಿದ್ಧವಾದ ಸಂಗತಿ. ಅಮೃತಾಪುರದ ಶಿಲ್ಪಿಗೆ ಇದ್ದ ನೋಟಕನು ಪೈಗಳಿಗೆ ಇರಲಿಲ್ಲ. ಆದಕಾರಣ ಚೌಕದ ನೆತ್ತಿಯ ಮೇಲೆ ನಿರೂಪಣೆ, ಪಾತ್ರಗಳ ಬಾಯಲ್ಲಿ ಗುಳ್ಳೆಮಾತು ಎರಡೂ ಬೇಕಾದುವು. ಅವರು ಮಾಡಿದ ಉಪಕಾರ ದೊಡ್ಡದು. ಕನ್ನಡದಲ್ಲಿಯೂ ಆ ಪುಸ್ತಕಗಳು ಬಂದು ಎಷ್ಟೋ ಮನೆಗಳನ್ನು ಹೊಕ್ಕವು. ಆದರೆ ರಾಜನು ಕೋಪಗೊಂಡನೆಂದು ಮೇಲೆ ಬರೆದು, ಕೆಳಗೆ ಕೋಪಗೊಂಡ ರಾಜನನ್ನು ತೋರಿಸಿ, ಅವನ ಬಾಯಿಂದಲೂ ಕೋಪದ ಮಾತನ್ನೇ ಆಡಿಸಿದರೆ ಒಂದೇ ಅರ್ಥ ಮೂರು ಬಾರಿ ವಾಚ್ಯವಾಯಿತು. ಇಂಥ ಕಡೆಗಳಲ್ಲಿ ಅದು ಆನಂದವರ್ಧನನ ಅರ್ಥದಲ್ಲಿಯೂ ಚಿತ್ರವೇ ಸರಿ.

ಇನ್ನು ನಗೆಯ ಚಿತ್ರ. ಇದಕ್ಕೆ ಕನ್ನಡದಲ್ಲಿ ನೆಲೆ ಕೊಟ್ಟದ್ದು ಬೆಂಗಳೂರು. ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ ವೈದ್ಯರಾದ ಎಂ. ಶಿವರಾಂ ಅವರು 1942ರಲ್ಲಿ ಹೊರಡಿಸಿದ ‘ಕೊರವಂಜಿ’ ಮಾಸಪತ್ರಿಕೆ 1967ರವರೆಗೆ ನಡೆಯಿತು. ಕೊರವಂಜಿ ಎಂದರೆ ಕೈನೋಡಿ ಕಣಿ ಹೇಳುವವಳು. ನಿಜವನ್ನು ನೇರವಾಗಿ ಆಡದೆ ಸುತ್ತಿ ಆಡುವುದು ಅವಳ ವೃತ್ತಿ. ಇಷ್ಟು ಒಪ್ಪುವ ಹೆಸರು ನಗೆಪತ್ರಿಕೆಗೆ ಇನ್ನೊಂದು ದೊರೆಯಲಾರದು. ನಾ. ಕಸ್ತೂರಿಯವರಂತಹ ಹಾಸ್ಯಲೇಖಕರು ಅದರಲ್ಲಿ ಬರೆದರು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ (1921–2015) ಆರಂಭಕಾಲದ ಚಿತ್ರಗಳು ಅದರಲ್ಲಿ ಬಂದುವು. 1983ರಲ್ಲಿ ‘ಅಪರಂಜಿ’ ಆ ಪರಂಪರೆಯನ್ನು ಮುಂದುವರಿಸಿತು. 2001ರಲ್ಲಿ ವ್ಯಂಗ್ಯಚಿತ್ರಕಾರರ ಭಾರತೀಯ ಸಂಸ್ಥೆಯೊಂದು ಸ್ಥಾಪಿತವಾದುದೂ ಬೆಂಗಳೂರಿನಲ್ಲಿಯೇ.

ವಿಕೃತವಾದ ಆಕಾರ, ವೇಷ, ಮಾತುಗಳಿಂದ ಹಾಸ್ಯ ಹುಟ್ಟುವುದೆಂದು ಭರತಮುನಿ ಹೇಳುತ್ತಾನೆ. ಮೂಗನ್ನು ಉದ್ದಮಾಡಿ ಹೊಟ್ಟೆಯನ್ನು ದೊಡ್ಡದುಮಾಡಿದರೆ ಇಷ್ಟು ಸಿದ್ಧಿಸಿತು; ಅಲ್ಲಿಗೇ ನಿಲ್ಲುವ ನಗೆಚಿತ್ರಗಳು ಬೇಕಾದಷ್ಟಿವೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನನ್ನು ನೋಡಿರಿ. ಚೌಕುಳಿ ಕೋಟು ತೊಟ್ಟ ಆ ಮುದುಕನು ಎಲ್ಲವನ್ನೂ ನೋಡುತ್ತಾನೆ, ಮಾತಾಡುವುದಿಲ್ಲ. ಮಾತೆಲ್ಲ ಮಂತ್ರಿಗಳದು, ಅಧಿಕಾರಿಗಳದು. ಅವರ ಮಾತು ವಾಚ್ಯ. ಇವನ ಮೌನದಿಂದ ಆ ಮಾತು ತಲೆಕೆಳಗಾಗುವುದು ಧ್ವನಿ. ಇಲ್ಲಿ ‘ವ್ಯಂಗ್ಯ’ಶಬ್ದಕ್ಕೆ ಕನ್ನಡದ ಅರ್ಥವೂ ಶಾಸ್ತ್ರದ ಅರ್ಥವೂ ಒಟ್ಟಿಗೇ ಸಲ್ಲುತ್ತವೆ.

ಹೀಗಿರಲು ಆಚಾರ್ಯನ ಉಪಮೆಯ ಗತಿಯೇನು? ಕೊನೆಗೆ ರಸಕ್ಕೆ ಅಂಗವಾಗದ ವಸ್ತುವೇ ಇಲ್ಲವೆಂದೂ, ಕವಿಗೆ ರಸಾದಿಗಳ ವಿವಕ್ಷೆಯಿಲ್ಲದಿರುವಾಗ ಮಾತ್ರ ಚಿತ್ರವೆಂಬ ವ್ಯವಹಾರವೆಂದೂ ಅವನೇ ಅದೇ ಪ್ರಕರಣದಲ್ಲಿ ಒಪ್ಪಿದ್ದಾನೆ. ಆದುದರಿಂದ ನಿರ್ಣಯವು ವಿವಕ್ಷೆಯಿಂದ ಆಗತಕ್ಕದ್ದು. ಬರೆದುದು ಅಕ್ಷರದಲ್ಲೋ ರೇಖೆಯಲ್ಲೋ ಕಲ್ಲಿನಲ್ಲೋ ಎಂಬುದರಿಂದಲ್ಲ.

ನಗೆಚಿತ್ರಕ್ಕೆ ಒಂದು ದೌರ್ಬಲ್ಯವುಂಟು: ಅದು ಪ್ರಕರಣವನ್ನು ಬಹಳವಾಗಿ ನೆಚ್ಚಿಕೊಂಡಿರುತ್ತದೆ. ಅಂದಿನ ಮಂತ್ರಿ ಯಾರು, ಅಂದಿನ ಗಲಾಟೆ ಯಾವುದು ಎಂಬುದು ಮರೆತುಹೋದರೆ ವ್ಯಂಗ್ಯವು ಮಾಯವಾಗಿ ಉದ್ದಮೂಗು ಮಾತ್ರ ಉಳಿಯುವುದು. ‘ಕೊರವಂಜಿ’ಯ ಸಂಚಿಕೆಗಳಿಗೆ ಮಲ್ಲಿನಾಥನ ರೀತಿಯ ಟೀಕೆ ಬರೆಯತಕ್ಕ ಕಾಲ ಒದಗಿದೆ, ಪ್ರಕರಣವನ್ನು ಬಲ್ಲ ಹಿರಿಯರು ವರ್ಷೇವರ್ಷೇ ಕಡಿಮೆಯಾಗುತ್ತಿದ್ದಾರೆ. ಅಮೃತಾಪುರದ ಫಲಕಗಳಿಗೂ ಇಂಥದೇ ಅಪಾಯ, ಬೇರೆ ದಾರಿಯಿಂದ ಬಂದಿದೆ. ಅಲ್ಲಿ ಪ್ರಕರಣ ಉಳಿದಿದೆ, ಮಳೆಗಾಳಿಗಳಿಗೆ ಮೈ ಸವೆದಿದೆ. ಪ್ರತಿಫಲಕಕ್ಕೂ ಸಂಖ್ಯೆ ಕೊಟ್ಟು, ಅದರ ಪ್ರಸಂಗವನ್ನು ಮೂಲದ ಸರ್ಗ, ಪರ್ವ, ಸ್ಕಂಧಗಳೊಡನೆ ಹೋಲಿಸಿ, ಮೂಲಕ್ಕೆ ಒಪ್ಪದ ಕಡೆಗಳನ್ನು ಬೇರೆ ಪಟ್ಟಿಮಾಡಿದರೆ ಬಾಯಿಮಾತಿನ ಆ ರಾಮಕಥೆಯ ಚಹರೆ ಸ್ವಲ್ಪವಾದರೂ ತಿಳಿದೀತು. ಈ ಕೆಲಸಕ್ಕೆ ಹೋಗುವವರು ಬೆಳಕನ್ನು ಗಮನಿಸತಕ್ಕದ್ದು. ದಕ್ಷಿಣದ ರಾಮಾಯಣವನ್ನು ಮಾರ್ಗಶಿರ ಪುಷ್ಯಗಳಲ್ಲಿ, ಸೂರ್ಯನು ತೆಂಕಲಿಗೆ ಸರಿದಿರುವಾಗ ಬೆಳಗಿನ ವಾರೆಬಿಸಿಲಿನಲ್ಲಿ ಓದಬೇಕು. ಉತ್ತರದ ಗೋಡೆಗೆ ಅಂಥ ಬಿಸಿಲು ದೊರೆಯುವುದು ವಿಷುವ ಕಳೆದ ಮೇಲೆ, ಚೈತ್ರ ವೈಶಾಖಗಳ ಬೆಳಗು ಬೈಗುಗಳಲ್ಲಿ, ಮುಂಗಾರು ಹಿಡಿಯುವುದಕ್ಕೆ ಮುಂಚೆ.