ಹೊತ್ತು ಕಟ್ಟಿ ಉಣ್ಣುವ ಉಪವಾಸ: ಗುಣವೆಷ್ಟು, ಅಪಾಯವೆಲ್ಲಿ?

ದಿನದ 8 ಗಂಟೆಯೊಳಗೆ ಊಟ-ತಿಂಡಿ ಮುಗಿಸಿ, ಉಳಿದ 16 ಗಂಟೆ ಹೊಟ್ಟೆ ಖಾಲಿ ಬಿಡುವ ಕ್ರಮವನ್ನು ನಮ್ಮ ಸದಸ್ಯ ಬಾಂಧವರಲ್ಲೂ ಕೆಲವರು ಹಿಡಿದಿದ್ದಾರೆ. ಸಕ್ಕರೆ, ಹಾಲು ಹಾಕದ ಕಾಫಿಗೆ ಇದರಲ್ಲಿ ಅಡ್ಡಿಯಿಲ್ಲವೆಂಬುದು ನಮಗೆ ಸಂತೋಷವೇ.

ಇದರಿಂದ ತೂಕ ಇಳಿಯುವುದು ನಿಜ. ಆದರೆ ಅದು ಗಡಿಯಾರದ ಮಹಿಮೆಯಲ್ಲ. ಒಟ್ಟು ತಿನ್ನುವುದು ಕಡಿಮೆಯಾದುದರ ಫಲ. ಚೀನಾದಲ್ಲಿ ಬೊಜ್ಜುಳ್ಳ 139 ಮಂದಿಗೆ ಒಂದು ವರ್ಷ ಮಿತಾಹಾರ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಂಡವರು ಸರಾಸರಿ 8 ಕಿಲೋ ಇಳಿದರೆ, ಹೊತ್ತಿನ ಕಟ್ಟಿಲ್ಲದವರು 6.3 ಕಿಲೋ ಇಳಿದರು. ಈ ಅಂತರ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲವೆಂದು ತೀರ್ಮಾನವಾಯಿತು. ಏಕಾದಶಿಯಂದು ಅನ್ನ ಬಿಟ್ಟು ಮೂರು ತಟ್ಟೆ ಅವಲಕ್ಕಿ ತಿಂದರೆ ಮೈ ಇಳಿಯದೆಂದು ನಮ್ಮ ಹಿರಿಯರಿಗೂ ಗೊತ್ತಿತ್ತು.

ಮುಖ್ಯ ಮಾತು ಇನ್ನೊಂದಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು, ಉಣ್ಣದೆ ತೋಟಕ್ಕಿಳಿದರೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ಕೈನಡುಕ, ಕಣ್ಣು ಕತ್ತಲೆ ಇದರ ಲಕ್ಷಣ. ಮೆಣಸಿನ ಏಣಿಯ ಮೇಲೆ ಹೀಗಾದರೆ ಗತಿಯೇನು? ಕೂಡಲೇ ಕುಳಿತು, ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಯಬೇಕು. ಇಂಥವರೂ, ಬಸುರಿ-ಬಾಣಂತಿಯರೂ ವೈದ್ಯರನ್ನು ಕೇಳದೆ ಈ ಉಪವಾಸಕ್ಕೆ ಕೈ ಹಾಕಬಾರದಾಗಿ ವಿನಂತಿಸುತ್ತೇವೆ.