ವೋಲ್ಟೇಜ್ ನಿಯಂತ್ರಿತ ಆಂದೋಲಕದ ಇನ್‌ಪುಟ್ ಇಂಪೀಡೆನ್ಸ್

ವೋಲ್ಟೇಜ್ ನಿಯಂತ್ರಿತ ಆಂದೋಲಕ (ವಿಸಿಒ) ಎಂಬುದು ತನಗೆ ನೀಡಿದ ನಿಯಂತ್ರಣ ವೋಲ್ಟೇಜಿಗೆ ಅನುಗುಣವಾಗಿ ಔಟ್‌ಪುಟ್ ಆವರ್ತನವನ್ನು ಬದಲಾಯಿಸುವ ವಿದ್ಯುನ್ಮಂಡಲ. ಅದರ ನಿಯಂತ್ರಣ ತುದಿಯು ವೋಲ್ಟೇಜ್ ಮೂಲಕ್ಕೆ ಒಡ್ಡುವ ವಿರೋಧವನ್ನು ಇನ್‌ಪುಟ್ ಇಂಪೀಡೆನ್ಸ್ ಎನ್ನುತ್ತಾರೆ. ಇದು ಮೂಲದ ಔಟ್‌ಪುಟ್ ಇಂಪೀಡೆನ್ಸಿಗಿಂತ ಬಹಳ ಹೆಚ್ಚಿರಬೇಕು. ಇಲ್ಲದಿದ್ದರೆ ಇವೆರಡೂ ಸೇರಿ ವೋಲ್ಟೇಜ್ ವಿಭಾಜಕದಂತೆ ವರ್ತಿಸಿ, ಆಂದೋಲಕಕ್ಕೆ ತಲುಪುವ ವೋಲ್ಟೇಜ್ ಕುಗ್ಗುತ್ತದೆ, ಆವರ್ತನ ತಪ್ಪುತ್ತದೆ.

ಸಂಗೀತದ ಸಿಂಥಸೈಜರ್‌ಗಳಲ್ಲಿ ಈ ದೋಷ ನೇರವಾಗಿ ಕಿವಿಗೆ ಬೀಳುತ್ತದೆ. 1960ರ ದಶಕದಲ್ಲಿ ರಾಬರ್ಟ್ ಮೂಗ್ ಬಳಕೆಗೆ ತಂದ ಪದ್ಧತಿಯಲ್ಲಿ ವೋಲ್ಟೇಜ್ 1 ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸಪ್ತಕ ಏರುತ್ತದೆ. ಇನ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ 100 ಕಿಲೋಓಮ್. ಮೂಲದ ಇಂಪೀಡೆನ್ಸ್ 1 ಕಿಲೋಓಮ್ ಇದ್ದರೆ 1 ವೋಲ್ಟಿನ ಬದಲು ಸುಮಾರು 0.99 ವೋಲ್ಟ್ ಮಾತ್ರ ತಲುಪುತ್ತದೆ. ಸಪ್ತಕವನ್ನು 1200 ಸೆಂಟ್‌ಗಳಾಗಿ ಎಣಿಸುವುದರಿಂದ ಇದು ಸಪ್ತಕಕ್ಕೆ ಸುಮಾರು 12 ಸೆಂಟ್ ಕೊರತೆ. ಐದು ಸಪ್ತಕಗಳಲ್ಲಿ ಅರ್ಧಸ್ವರದ ಅರ್ಧಕ್ಕಿಂತಲೂ ಹೆಚ್ಚು. ಸ್ಥಿರವಾದ ಕೊರತೆಯನ್ನು ಶ್ರುತಿ ಹೊಂದಿಸುವಾಗ ಸರಿಪಡಿಸಬಹುದು. ನಿಜವಾದ ತೊಡಕು, ಅದೇ ಮೂಲಕ್ಕೆ ಎರಡನೆಯ ಆಂದೋಲಕವನ್ನು ಜೋಡಿಸಿದಾಗ ಬರುತ್ತದೆ: ಹೊರೆ 50 ಕಿಲೋಓಮ್‌ಗೆ ಇಳಿದು, ಆಗಲೇ ಹೊಂದಿಸಿದ ಮೊದಲನೆಯದರ ಶ್ರುತಿಯೂ ಕೆಡುತ್ತದೆ. ಆದ್ದರಿಂದ ನಡುವೆ ಆಪರೇಷನಲ್ ಆಂಪ್ಲಿಫೈಯರ್‌ನ ಬಫರ್ ಬಳಸುತ್ತಾರೆ.

ಎಲ್ಲ ಐಸಿಗಳೂ ಹೆಚ್ಚಿನ ಇಂಪೀಡೆನ್ಸ್ ಹೊಂದಿರುವುದಿಲ್ಲ. 555 ಟೈಮರ್‌ನ 5ನೇ ಪಿನ್, ಒಳಗಿನ ಮೂರು 5 ಕಿಲೋಓಮ್ ರೋಧಕಗಳ ಸರಣಿಗೆ ಸೇರಿದೆ. ಹೊರಗಿನಿಂದ ಅದು ಸುಮಾರು 3.3 ಕಿಲೋಓಮ್‌ನಂತೆ ಕಾಣುತ್ತದೆ. 10 ಕಿಲೋಓಮ್ ಮೂಲದಿಂದ ನಡೆಸಿದರೆ ವೋಲ್ಟೇಜ್ ಬದಲಾವಣೆಯ ಕಾಲುಭಾಗವಷ್ಟೇ ಪಿನ್‌ಗೆ ತಲುಪುತ್ತದೆ.

ಫೇಸ್ ಲಾಕ್ಡ್ ಲೂಪ್‌ನಲ್ಲಿ ನಿಯಂತ್ರಣ ವೋಲ್ಟೇಜನ್ನು ಫಿಲ್ಟರ್‌ನ ಧಾರಕವೊಂದು ಹಿಡಿದಿಟ್ಟಿರುತ್ತದೆ. ಇನ್‌ಪುಟ್ ಪ್ರವಾಹ ಸೆಳೆದರೆ ಆ ಆವೇಶ ಸೋರಿ ಆವರ್ತನ ಜಾರುತ್ತದೆ. ಸಿಡಿ4046 ಐಸಿಯ 9ನೇ ಪಿನ್ ಸೀಮಾಸ್ ಗೇಟಿಗೆ ಹೋಗುವುದರಿಂದ ಈ ಸೋರಿಕೆ ಅತ್ಯಲ್ಪ. ಧಾರಕಕ್ಕೆ ಹೊರೆಯಾಗದಂತೆ ಆ ವೋಲ್ಟೇಜನ್ನು ಹೊರಗೆ ಪಡೆಯಲೆಂದೇ 10ನೇ ಪಿನ್‌ನಲ್ಲಿ ಸೋರ್ಸ್ ಫಾಲೋವರ್ ಒದಗಿಸಲಾಗಿದೆ.

ರೇಡಿಯೋ ಆವರ್ತನದ ಆಂದೋಲಕಗಳಲ್ಲಿ ಹಿಮ್ಮುಖ ಬಯಾಸ್‌ನಲ್ಲಿರುವ ವ್ಯಾರಾಕ್ಟರ್ ಡಯೋಡ್ ಏಕಮುಖ ಪ್ರವಾಹವನ್ನು ಬಹುತೇಕ ಸೆಳೆಯುವುದಿಲ್ಲ. ಆಂದೋಲನ ನಿಯಂತ್ರಣ ತಂತಿಗೆ ಹರಿಯದಂತೆ ಸರಣಿಯಲ್ಲಿ ರೋಧಕ ಅಥವಾ ಚೋಕ್ ಇಡುತ್ತಾರೆ. ಆದರೆ ರೋಧಕ ದೊಡ್ಡದಾದಷ್ಟೂ ಅದರ ಉಷ್ಣ ಗದ್ದಲ ಹೆಚ್ಚಿ, ಆವರ್ತನವನ್ನೇ ಅಲುಗಾಡಿಸಿ ಫೇಸ್ ನಾಯ್ಸ್ ಉಂಟುಮಾಡುತ್ತದೆ. ಡಯೋಡಿನ ಧಾರಕತೆಯೊಡನೆ ಸೇರಿ ನಿಯಂತ್ರಣದ ವೇಗವನ್ನೂ ತಗ್ಗಿಸುತ್ತದೆ.